ಕಚಗುಳಿಯ ಭಯ

ಹರಳೆಣ್ಣೆಯ ಬಟ್ಟಲನ್ನು ಒಲೆಯ ಪಕ್ಕದಲ್ಲಿಟ್ಟು ಬೆಚ್ಚಗೆ ಮಾಡಿ, ಮೊಮ್ಮಗಳನ್ನು ಮಣೆಯ ಮೇಲೆ ಕೂರಿಸಿಕೊಂಡು ನೆತ್ತಿಯಿಂದ ಅಂಗಾಲಿನವರೆಗೆ ತಿಕ್ಕುವುದಿದೆಯಲ್ಲ, ಮುಪ್ಪಿನಲ್ಲಿ ಉಳಿದಿರುವ ಸುಖಗಳಲ್ಲಿ ಅದಕ್ಕೇ ಮೊದಲ ಮಣೆ. ಆದರೆ ಮಿತ್ರರೇ, ಒಂದು ಜಾಗಕ್ಕೆ ಬಂದಾಗ ನನ್ನ ಕೈ ಎಣ್ಣೆಯನ್ನು ಮರೆತು ನಿಂತುಬಿಡುತ್ತದೆ. ಕಂಕುಳಲ್ಲಿ ಬೆರಳು ಮೆಲ್ಲಗೆ ಒತ್ತಿ ಏನನ್ನೋ ಹುಡುಕುತ್ತದೆ. ಹುಡುಗಿ ಕಿಲಕಿಲನೆ ನಕ್ಕ ಮೇಲೆಯೇ ನನಗೆ ಹೋದ ಉಸಿರು ಬರುವುದು.

ನಾನು ನಂಜನಗೂಡು ಸೀಮೆಯ ಹೆಡತಲೆಯಲ್ಲಿ ಚಿಕ್ಕವಳಾಗಿದ್ದ ಕಾಲ ಮಹಾರಾಜರ ಆಳ್ವಿಕೆಯ ಪ್ಲೇಗಿನ ಕಾಲ. ಯಾರದಾದರೂ ಅಟ್ಟದಿಂದ ಇಲಿ ಸತ್ತು ಬಿತ್ತೆಂದರೆ ಸಾಕು, ಊರಿಗೆ ಊರೇ ಬಾಗಿಲು ಹಾಕಿಕೊಂಡು, ದನಕರುಗಳನ್ನು ಹೊಡೆದುಕೊಂಡು ಹೊಲದ ಗುಡಿಸಲುಗಳಿಗೆ ಹೊರಡುತ್ತಿತ್ತು. ಮಕ್ಕಳಾದ ನಮಗೆ ಅದೊಂದು ಹಬ್ಬ. ಅವ್ವ ಮಾತ್ರ ದಿನವೂ ಬೆಳಗ್ಗೆ ನನ್ನನ್ನೂ ತಂಗಿ ಪುಟ್ಟಿಯನ್ನೂ ಎಬ್ಬಿಸಿ, "ತೋಳೆತ್ರವ್ವಾ" ಎಂದು, ಗಡ್ಡೆ ಎದ್ದಿದೆಯೇ ಎಂದು ಕಂಕುಳನ್ನು ಒತ್ತಿ ನೋಡುವಳು. ಕಚಗುಳಿ ತಾಳಲಾರದೆ ನಾವು ಒಬ್ಬರ ಮೇಲೊಬ್ಬರು ಬಿದ್ದು ನಗುವೆವು. ಒಂದು ಬೆಳಗ್ಗೆ ಪುಟ್ಟಿ ನಗಲಿಲ್ಲ, ಚಿಟ್ಟನೆ ಚೀರಿದಳು. ಬದುವಿನಾಚೆ ಅವಳನ್ನು ಮಣ್ಣು ಮಾಡಿ ಬಂದ ಮೇಲೆ ನನ್ನ ಕಚಗುಳಿಯೂ ಹೋಯಿತು. ಆದರೂ ಅವ್ವನ ಬೆರಳು ತಾಕಿದೊಡನೆ ನಗುತ್ತಿದ್ದೆ. ನಗದಿದ್ದರೆ ಅವಳ ಮುಖ ಏನಾದೀತೋ, ಅದನ್ನು ನೋಡುವ ಧೈರ್ಯ ನನಗಿರಲಿಲ್ಲ.

ಮುಂದೆ ತಿ. ನರಸೀಪುರಕ್ಕೆ ಸೊಸೆಯಾಗಿ ಬಂದೆ. ಹೊಳೆಯ ಗಾಳಿ, ಹೊಟ್ಟೆ ತುಂಬ ಅನ್ನ, ಹೇಳಿದ ಮಾತು ಕೇಳುವ ಮಗ. "ನಿಮ್ದು ಪುಣ್ಯದ ಮುಪ್ಪು ಕಣಮ್ಮ" ಎನ್ನುತ್ತಾರೆ ನೆರೆಯವರು. ಇರಬಹುದು. ಆದರೆ ಅಟ್ಟದಲ್ಲಿ ಸರಕ್ಕೆಂದರೆ ಬಾಯಿಗಿಟ್ಟ ತುತ್ತು ನನಗೆ ಒಳಗಿಳಿಯುವುದಿಲ್ಲ. ವಯಸ್ಸು ನನ್ನ ಬೆನ್ನು ಬಗ್ಗಿಸಿತು, ತಲೆ ನರೆಸಿತು; ಭಯಕ್ಕೆ ಮಾತ್ರ ವಯಸ್ಸೇ ಆಗಲಿಲ್ಲ, ಅದಿನ್ನೂ ಆ ಗುಡಿಸಲಲ್ಲೇ ತೋಳೆತ್ತಿ ನಿಂತಿದೆ. ಆ ರೋಗ ಈಗಿಲ್ಲವೆಂದು ಡಾಕ್ಟರು ಹೇಳುತ್ತಾರೆ. ಅದನ್ನು ನನ್ನ ಬೆರಳಿಗೆ ಯಾರು ಹೇಳಬೇಕು?

ಹೋದ ವಾರ ಎಣ್ಣೆ ಹಚ್ಚುವಾಗ ಮೊಮ್ಮಗಳು ನಗಲಿಲ್ಲ. ಅಂಗಳದಲ್ಲಿ ಮರಿಗಳನ್ನು ಕಟ್ಟಿಕೊಂಡು ತಿರುಗುತ್ತಿದ್ದ ಕೋಳಿಯನ್ನೇ ನೋಡುತ್ತ ಮೈಮರೆತಿದ್ದಳು. ಮತ್ತೊಮ್ಮೆ ಒತ್ತಿ ನೋಡಿದೆ.

"ನೋಯ್ತದಾ ಮಗಾ?" ಎಂದೆ.

"ಇಲ್ಲ ಕಣಜ್ಜಿ, ನಗೋದು ಮರ್ತೋಯ್ತು. ನಂಗೆ ಕಚಗುಳಿ ಆಗಕಿಲ್ಲ. ನಗ್ದಿದ್ರೆ ನೀನು ಎದರ್ಕತೀಯಲ್ಲ, ಅದ್ಕೇ ಯಾವಾಗ್ಲೂ ನಗ್ತಿದ್ದೆ."

ಇವಳು ಇಲಿ ಬಿದ್ದದ್ದನ್ನು ಕಂಡವಳಲ್ಲ, ಗುಡಿಸಲನ್ನು ಕಂಡವಳಲ್ಲ. ಆದರೂ ನನ್ನ ಭಯ ಎಣ್ಣೆಯ ಜೊತೆಗೇ ಅವಳ ಮೈಗಿಳಿದಿದೆ. ನಾನು ಹೋದ ಮೇಲೆ, ಇವಳ ತಲೆ ನರೆತ ಮೇಲೂ ಅದು ಇರುತ್ತದಲ್ಲ ಎನಿಸಿ, ಪುಟ್ಟಿ ಚೀರಿದ ಬೆಳಗ್ಗೆ ಹೆದರಿದ ಹಾಗೆಯೇ ಹೆದರಿದೆ. ಬಟ್ಟಲನ್ನು ಸೊಸೆಯ ಕೈಗೆ ಕೊಟ್ಟು, ದೂರ ಹೋಗಿ ಗೋಡೆಗೊರಗಿ ಕುಳಿತೆ. ಸೊಸೆ ಅದೂ ಇದೂ ಮಾತಾಡುತ್ತ ತಿಕ್ಕತೊಡಗಿದಳು. ಅವಳ ಕೈ ಕಂಕುಳಿಗೆ ಹೋದದ್ದೇ ತಡ, ಹುಡುಗಿ ನನ್ನ ಕಡೆ ತಿರುಗಿ, ನನಗೆ ಕೇಳಿಸುವಂತೆ ಗಟ್ಟಿಯಾಗಿ ನಕ್ಕಳು.