ಅಮ್ಮ ಕತ್ತರಿಸಲು ಒಪ್ಪಿದ ಒಂದೇ ದೃಶ್ಯ

ಸ್ನೇಹಿತರೇ, ವೀಡಿಯೊ ಎಡಿಟಿಂಗ್ ಕಲಿಯಲು ನನಗೆ ಸಿಕ್ಕ ಒಳ್ಳೆಯ ಪಾಠಗಳೆಲ್ಲ ಮಲಯಾಳದಲ್ಲಿವೆ. ನನ್ನ ಮಲಯಾಳ ಕುಂಬಳೆ ಬಸ್ಸಿನಲ್ಲಿ ಟಿಕೆಟ್ ಕೇಳುವಷ್ಟು. ಹಾಗಾಗಿ ಇವತ್ತು, ಸೀರಿಯಲ್ ನೋಡಿ ಮಲಯಾಳ ಕಲಿತ ಅಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು ತಂಗಿಯ ಮದುವೆ ವೀಡಿಯೊದಲ್ಲಿ ಅಭ್ಯಾಸ ಶುರು ಮಾಡಿದೆ.

"ಬೇಡದ್ದನ್ನೆಲ್ಲ ಕತ್ತರಿಸ್ಬೇಕಂತೆ" ಎಂದು ಪಾಠದ ಮಾಸ್ಟ್ರ ಮಾತನ್ನು ಅಮ್ಮ ಅನುವಾದಿಸಿದಳು. ನಾನು ಉಡುಗೊರೆ ಕೊಡುವವರ ಸಾಲಿಗೆ ಕೈ ಹಾಕಿದ್ದೇ ತಡ, "ಎಂತ ಮಾಡುದು ನೀನು? ವರ್ಕಾಡಿ ಅತ್ತೆಯನ್ನು ತೆಗೆದ್ರೆ ಮತ್ತೆ ಅವರ ಮುಖ ನೋಡ್ಲಿಕ್ಕುಂಟಾ?"

"ಮಾಸ್ಟ್ರೇ ಹೇಳಿದ್ದಲ್ವಾ ಅಮ್ಮ?"

"ಅವರಿಗೆಂತ? ಅವರ ನೆಂಟ್ರಾ?"

ಒಬ್ಬರನ್ನೂ ತೆಗೆಯಲು ಬಿಡಲಿಲ್ಲ. ಕೊನೆಗೆ ಊಟದ ಪಂಕ್ತಿ ಬಂದಾಗ ತಾನೇ ಬೆರಳಿಟ್ಟು ತೋರಿಸಿದಳು: "ಇದನ್ನು ಕತ್ತರಿಸು. ಅಪ್ಪ ನೋಡುವ ಮೊದಲು."

ಪರದೆಯಲ್ಲಿ, ಸಕ್ಕರೆ ಕಾಯಿಲೆಯ ನನ್ನಮ್ಮ ಎರಡನೇ ಹೋಳಿಗೆ ಹಾಕಿಸಿಕೊಳ್ಳುತ್ತಿದ್ದಳು.

ಕತ್ತರಿಸಿದೆ. ಅಪ್ಪ ಫೇಸ್‌ಬುಕ್ಕಿನಲ್ಲಿ ಇಲ್ಲ ಎಂಬ ಧೈರ್ಯದಿಂದ ಇದನ್ನು ಬರೆದಿದ್ದೇನೆ.