ಕೊಡಂಬಲದ ಕುರಿ, ಕಲ್ಕತ್ತೆಯ ಕಿತ್ತಳೆ ಗೆರೆ

ಕಲ್ಕತ್ತೆಗೆ ಬಂದಿಳಿದ ದಿನ ಮನೆಯೊಡತಿ ನನ್ನನ್ನು ಕೇಳಿದ ಮೊದಲ ಪ್ರಶ್ನೆ, "ಜೋಲ್ ಖಾಬೆ?" ಅಂದರೆ, ನೀರು ತಿನ್ನುತ್ತೀಯಾ? ಬಂಗಾಳಿಯಲ್ಲಿ ಅನ್ನವನ್ನೂ ತಿನ್ನುತ್ತಾರೆ, ನೀರನ್ನೂ ತಿನ್ನುತ್ತಾರೆ, ಬೀಡಿಯನ್ನೂ ತಿನ್ನುತ್ತಾರೆ! ಕಕ್ಕಾಬಿಕ್ಕಿಯಾದ ನಾನು ನಮ್ಮ ಹುಮನಾಬಾದ್ ಬಜಾರಿನ ಹಿಂದಿಯಲ್ಲಿ "ನಕ್ಕೋ" ಎಂದೆ, ಬೇಡ ಎನ್ನುವುದಕ್ಕೆ. ಈಗ ಕಕ್ಕಾಬಿಕ್ಕಿಯಾಗುವ ಸರದಿ ಅವರದಾಯಿತು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ಹುಮನಾಬಾದ್ ಬಳಿಯ ಕೊಡಂಬಲದ ಕುರಿ ಸಾಕುವ ಮನೆಯ ಮಗಳು. ಬಸವಕಲ್ಯಾಣದಲ್ಲಿ ಬಿಎಸ್ಸಿ, ಗುಲ್ಬರ್ಗದಲ್ಲಿ ಎಂಎಸ್ಸಿ ಓದಿ, ದನಕುರಿಗಳ ರೋಗ ಪತ್ತೆ ಮಾಡುವ ಪ್ರಯೋಗಾಲಯವೊಂದರಲ್ಲಿ ಸಹಾಯಕಿಯಾಗಿ ಸೇರಿದ್ದೆ. ಮನೆಯೊಡತಿಯನ್ನು ಮಾಶಿಮಾ ಎನ್ನಬೇಕೆಂದು ಕಲಿತೆ. ನಮ್ಮ ಕಡೆಯ ಮರಾಠಿಯ ಮಾವಶಿಯೇ ಅದು ಎಂದು ಹೊಳೆದಾಗ ಅರ್ಧ ಪರಕೀಯತೆ ಇಳಿಯಿತು. ಉಳಿದರ್ಧ ಊಟದಲ್ಲಿತ್ತು. ನಮ್ಮಲ್ಲಿ ರೊಟ್ಟಿ ಬಡಿಯುವ ಸದ್ದಿಗೆ ಹಸಿವಾಗುತ್ತದೆ. ಇಲ್ಲಿ ಬೀದಿ ತುಂಬ ಸಾಸಿವೆ ಎಣ್ಣೆಯಲ್ಲಿ ಮೀನು ಹುರಿಯುವ ವಾಸನೆ. ಜೋಳದ ಹಿಟ್ಟು ಹುಡುಕಿ ಮೂರು ಬಜಾರು ಸುತ್ತಿ ಬರಿಗೈಲಿ ಬಂದು ಒಬ್ಬಳೇ ಅತ್ತಿದ್ದೇನೆ.

ಆದರೆ ಪ್ರಯೋಗಾಲಯದ ಬಾಗಿಲು ದಾಟಿದರೆ ಅಳು ಮರೆತುಹೋಗುತ್ತಿತ್ತು. ಅಲ್ಲಿ ಟ್ರಂಕಿನಷ್ಟು ದೊಡ್ಡ ಒಂದು ಯಂತ್ರ: ಪಿಸಿಆರ್. ನಮ್ಮ ಮುಖ್ಯಸ್ಥೆ ಮಿತಾಲಿದಿ (ದಿ ಎಂದರೆ ಅಕ್ಕ) ಅದರ ಮೇಲೆ ಕೈಯಿಟ್ಟು ವಿವರಿಸಿದ್ದರು. ಕಾಯಿಸಿದರೆ ಡಿಎನ್ಎಯ ಎರಡು ಎಳೆಗಳು ಬೇರೆಯಾಗುತ್ತವೆ. ತಣಿಸಿದರೆ ನಾವು ಹಾಕಿದ ಪ್ರೈಮರ್ ಎಂಬ ಪುಟ್ಟ ತುಣುಕುಗಳು ತಮಗೆ ಹೊಂದುವ ಜಾಗ ಹುಡುಕಿ ಕೂರುತ್ತವೆ. ಮತ್ತೆ ಬೆಚ್ಚಗೆ ಮಾಡಿದರೆ ಕಿಣ್ವವೊಂದು ಅಲ್ಲಿಂದ ನಕಲು ಬರೆಯುತ್ತದೆ. ಒಂದು ಎರಡು, ಎರಡು ನಾಲ್ಕು, ನಾಲ್ಕು ಎಂಟು! ಎಲ್ಲ ಸರಿ ನಡೆದರೆ ಮೂವತ್ತು ಸುತ್ತಿಗೆ ಒಂದೇ ಒಂದು ತುಣುಕು ನೂರು ಕೋಟಿ ದಾಟುತ್ತದೆ. ಅದನ್ನು ಜೆಲ್ ಎಂಬ ಜೆಲ್ಲಿಯಂಥ ಹಾಳೆಯಲ್ಲಿ ಓಡಿಸಿ ನೇರಳಾತೀತ ಬೆಳಕಿನಡಿ ಹಿಡಿದಾಗ ಕಿತ್ತಳೆ ಬಣ್ಣದ ಗೆರೆಯೊಂದು ಹೊಳೆಯುತ್ತದೆ. ಮೊದಲ ಸಲ ಕಂಡಾಗ ನಾನು ಕೂಗಿಬಿಟ್ಟೆ. ಕಣ್ಣಿಗೆ ಕಾಣದ್ದು ತಾನಾಗಿ ಎದ್ದು ನಿಂತಿತ್ತು.

ಎಂಟು ತಿಂಗಳಾಗಿರಬೇಕು, ಹುಮನಾಬಾದಿನ ಎಸ್‌ಟಿಡಿ ಬೂತಿನಿಂದ ಬೀರಣ್ಣನ ಫೋನು ಬಂತು. ಬೀರಣ್ಣ ನನ್ನ ಅಣ್ಣ.

"ಶಾಂತಾ, ಅವ್ವಗ ಜ್ವರ ಬಿಡವಲ್ದು ನೋಡು. ಮುಂಜಾನಿಗಿ ಇಳಿತದ, ಸಂಜಿಗಿ ಏರ್ತದ. ಎರಡು ತಿಂಗಳಾತು, ಮಲೇರಿಯಾ ಗುಳಿಗಿ ನುಂಗಿ ನುಂಗಿ ಸಾಕಾಗ್ಯಾದ."

"ಕುರಿ ಹ್ಯಾಂಗ ಅವ ಅಣ್ಣಾ?"

"ಅದೇ ಇನ್ನೊಂದು ಕಾಟ. ಸಾಲಾಗಿ ಕಂದು ಹಾಕಾಕತ್ಯಾವ."

ಕಂದು ಹಾಕುವುದೆಂದರೆ ಗರ್ಭ ಅವಧಿಗೆ ಮೊದಲೇ ಬೀಳುವುದು. ಈಯುವ ಕುರಿಗಳಿಗೆ ಬರಿಗೈಲಿ ಸೂಲಗಿತ್ತಿಯಾಗುವವಳು ನಮ್ಮವ್ವ. ಕುರಿಯ ಗರ್ಭ ಕೆಡಿಸಿ, ಮುಟ್ಟಿದ ಮನುಷ್ಯರಿಗೆ ತಿಂಗಳುಗಟ್ಟಲೆ ಜ್ವರ ಬರಿಸುವ ಬ್ರುಸೆಲ್ಲಾ ಎಂಬ ರೋಗಾಣುವನ್ನೇ ನಾವು ಇಲ್ಲಿ ಹುಡುಕುತ್ತಿದ್ದೆವು!

ನಮ್ಮ ಕುರಿಗಳ ಮಾದರಿ ತರಿಸಿ ಇಲ್ಲೇ ಪರೀಕ್ಷಿಸಲು ಬಿಡಿ ಎಂದು ಮಿತಾಲಿದಿಯನ್ನು ಬೇಡಿಕೊಂಡೆ. ಅವರು ಒಂದೇ ಮಾತು ಕೇಳಿದರು: "ಏನು ಕಂಡರೂ, ಕಂಡಿದ್ದನ್ನೇ ಬರೆಯುತ್ತೀಯಾ?" ಹೂಂ ಎಂದೆ.

ಊರ ಕಡೆಯ ಪಶುವೈದ್ಯರು ಮಾದರಿಗಳನ್ನು ಮೂರು ಪದರ ಬಿಗಿದು, ಐಸು ತುಂಬಿದ ಥರ್ಮಾಸಿನಲ್ಲಿಟ್ಟು ಕೊಟ್ಟರು. ಬೀರಣ್ಣ ಹುಮನಾಬಾದಿನಿಂದ ಹೈದರಾಬಾದಿಗೆ ಬಸ್ಸು, ಅಲ್ಲಿಂದ ರೈಲು ಹಿಡಿದು, ನಿಲ್ದಾಣ ನಿಲ್ದಾಣದಲ್ಲೂ ಐಸು ಬದಲಿಸುತ್ತ ಹೌರಾದಲ್ಲಿ ಇಳಿದ. ಇನ್ನೊಂದು ಕೈಯಲ್ಲಿ ಒಣಗಿಸಿದ ಜೋಳದ ಕಟಕ ರೊಟ್ಟಿ, ಶೇಂಗಾ ಹಿಂಡಿ ಎಂಬ ಚಟ್ನಿಪುಡಿಯ ಗಂಟು. "ಮೊದಲು ಕೆಲಸ ಮಾಡು, ಆಮ್ಯಾಲ ತಿನ್ನು" ಎಂದ.

ಮರುದಿನ ಜೆಲ್ ಮೇಲೆ ಗೆರೆ ಹೊಳೆಯಿತು. ಗಾಜಿನ ಹಿಂದೆ ನಿಂತಿದ್ದ ಬೀರಣ್ಣ, "ಸಿಕ್ತಲ್ಲವ್ವಾ!" ಎಂದು ಕುಣಿದ. ನಾನು ಮಾತ್ರ ಜೆಲ್ಲಿನತ್ತ ಇನ್ನಷ್ಟು ಬಗ್ಗಿದೆ. ಕೊನೆಯ ಸಾಲಿನಲ್ಲಿ ಮಾದರಿ ಹಾಕದೆ ಬರೀ ನೀರು ಹಾಕಿದ್ದೆ. ಅಲ್ಲಿ ಏನೂ ಕಾಣಬಾರದು. ಅಲ್ಲೂ ಅದೇ ಗೆರೆ!

"ಇದು ನಮ್ಮ ಕುರಿದಲ್ಲಣ್ಣಾ. ಹಿಂದಿನ ಪರೀಕ್ಷಾದ ಡಿಎನ್ಎ ನಕಲು ನನ್ನ ಕೈಯಿಂದಲೋ, ಗಾಳಿಯಿಂದಲೋ ಬೆರೆತದ. ಈ ಫಲಿತಾಂಶ ನಂಬಂಗಿಲ್ಲ."

"ಸಾವಿರ ಮೈಲು ಬಂದೀನಲ್ಲ ಶಾಂತಾ. ಹೌದು ಅಂತ ಬರದು ಕೊಟ್ರ ಯಾರಿಗಿ ಗೊತ್ತಾಗ್ತದ?"

"ಅವ್ವಗ ತಪ್ಪು ಔಷಧ ಕೊಟ್ರ ಅವ್ವಗ ಗೊತ್ತಾಗ್ತದ."

ಮಾದರಿ ಇನ್ನೊಂದೇ ಸಲಕ್ಕಾಗುವಷ್ಟು ಉಳಿದಿತ್ತು. ಮೇಜು ಒರೆಸಿದೆ, ತೆರೆದಿದ್ದ ನಳಿಕೆಗಳನ್ನೆಲ್ಲ ಎಸೆದೆ, ಹೊಸ ನೀರು, ಹೊಸ ಕೈಗವಸು. ಮಿತಾಲಿದಿ ತಮ್ಮ ಕೋಣೆಯನ್ನೇ ಖಾಲಿ ಮಾಡಿ ಕೊಟ್ಟರು. ನಕಲುಗಳಿದ್ದ ಕೋಣೆಯ ಗಾಳಿ ಸೋಕದಂತೆ ಅಲ್ಲೇ ಕೂತು ಎಲ್ಲ ಬೆರೆಸಿದೆ. ಯಂತ್ರ ಗುಂಯ್ಗುಡುವ ಮೂರು ತಾಸು ನಾವು ಮೂವರೂ ಹೊರಗೆ ಕೂತು ರೊಟ್ಟಿ ಹಿಂಡಿ ತಿಂದೆವು. ಮಿತಾಲಿದಿ ಖಾರಕ್ಕೆ ಕಣ್ಣೀರು ಸುರಿಸುತ್ತಲೇ ಇನ್ನೊಂದು ಕೇಳಿ ಹಾಕಿಸಿಕೊಂಡರು.

ಸಂಜೆ ಜೆಲ್ ಓಡಿಸಿ ಬೆಳಕು ಹಾಕಿದೆ. ನೀರಿನ ಸಾಲು ಕಪ್ಪಗಿತ್ತು. ಕೊಡಂಬಲದ ಸಾಲುಗಳಲ್ಲಿ ಮೂರು, ಸರಿಯಾಗಿ ಇರಬೇಕಾದ ಜಾಗದಲ್ಲೇ, ಕಿತ್ತಳೆಯಾಗಿ ಉರಿಯುತ್ತಿದ್ದವು. ನಾನು ಅಣ್ಣನನ್ನು ತಬ್ಬಿಕೊಂಡು ನಕ್ಕೆನೋ ಅತ್ತೆನೋ ನೆನಪಿಲ್ಲ.

ಬೀರಣ್ಣ ಒಯ್ದ ಪತ್ರ ನೋಡಿ ಹುಮನಾಬಾದಿನ ವೈದ್ಯರು ಅವ್ವನ ರಕ್ತವನ್ನು ಅದೇ ರೋಗಕ್ಕೆ ಪರೀಕ್ಷೆ ಮಾಡಿಸಿದರು. ಅಲ್ಲೂ ಹೌದೆಂದು ಬಂತು. ಆರು ವಾರ ಔಷಧ ನಡೆದು ಜ್ವರ ಬಿಟ್ಟಿತು. ಕಂದು ಹಾಕಿದ ಕುರಿಗಳನ್ನು ಅಪ್ಪ ಬೇರೆ ಹಟ್ಟಿಯಲ್ಲಿ ಕಟ್ಟಿದ. ಹಾಲು ಕಾಯಿಸದೆ ಯಾರೂ ಕುಡಿಯಬಾರದೆಂದಾಯಿತು.

ಮುಂದಿನ ಬೇಸಿಗೆಗೆ ಊರಿಗೆ ಹೋದಾಗ ಅವ್ವ ರಬ್ಬರ್ ಗವಸು ತೊಟ್ಟು ಮರಿ ಎಳೆಯುತ್ತಿದ್ದಳು. ನಾನು ಬಂದ ಸುದ್ದಿ ತಿಳಿದು ಓಣಿಯವರೆಲ್ಲ ಸೇರಿದರು. "ಶಾಂತವ್ವಾ, ನಮ್ಮ ಎಮ್ಮಿ ನೋಡಿ ಹೇಳ್ರಿ", "ನಮ್ಮ ಮೇಕಿಗಿ ಏನಾಗ್ಯಾದ್ರಿ?" ಅಂಗಳದಲ್ಲಿ ಒಂದು ಡಜನ್ ದನಕುರಿ. ನಾನೋ ಬರಿಗೈಯವಳು. ಆ ಯಂತ್ರ ತಂದಿಟ್ಟರೂ ಇಲ್ಲಿ ದಿನಕ್ಕೆ ಎಷ್ಟು ಸಲ ಕರೆಂಟು ಹೋಗುತ್ತದೋ! ಈ ಪ್ರಾಣಿಗಳ ಬಗ್ಗೆ ಖಚಿತವಾಗಿ ಒಂದು ಮಾತು ಹೇಳಬೇಕಾದರೂ ನಾನು ಇವುಗಳಿಂದ ಸಾವಿರ ಮೈಲು ದೂರ ಹೋಗಬೇಕಿತ್ತು.

ಹೊರಡುವ ಮುಂಜಾನೆ ಅವ್ವ ಬಾಗಿಲಲ್ಲಿ ಅಂದಳು: "ಇಲ್ಲೇ ಇರು ಅನ್ನಾಕ ಬಾಯಿಗಿ ಬರ್ತದ. ಆದ್ರ ನೀ ಇಲ್ಲಿದ್ರ ನಾ ಇರ್ತಿದ್ದಿಲ್ಲ."

ನಾನು ಅವಳ ಕೈ ಬಿಡಿಸಿಕೊಂಡು ಬಸ್ಸು ಹತ್ತಿದೆ.