ಅಳತೆ ತಪ್ಪಿದ ಅಂಗಿಗಳು

ಎಂಜಲ ಕೈಯಲ್ಲಿ ಕಾಗೆ ಓಡಿಸದವರು ಇರುತ್ತಾರಲ್ಲ, ಅಂಥವರಿಗೆಲ್ಲ ಪಾಠ ಹೇಳಬಲ್ಲವಳು ಟೇಪಜ್ಜಿ. ದಿನವಿಡೀ ಕೊರಳಲ್ಲಿ ಅಳತೆಯ ಟೇಪು ನೇತಾಡುತ್ತಿದ್ದುದರಿಂದ ಓಣಿಯವರು ಇಟ್ಟ ಹೆಸರು ಅದು. ಮನೆಯ ಮುಂದಿನ ಕೋಣೆಯೇ ಅವಳ ಹೊಲಿಗೆ ಅಂಗಡಿ. ಸಂಜೆ ಬಾಗಿಲು ಹಾಕುವ ಮುಂಚೆ ಅಯಸ್ಕಾಂತಕ್ಕೆ ದಾರ ಕಟ್ಟಿ ನೆಲದ ಮೇಲೆಲ್ಲ ಎಳೆದಾಡಿಸಿ, ಬಿದ್ದ ಗುಂಡುಸೂಜಿಗಳನ್ನು ಡಬ್ಬಿಗೆ ಸೇರಿಸುವಳು. ಗೇಣುದ್ದದ ದಾರವನ್ನೂ ಎಸೆಯುವವಳಲ್ಲ. ಒಂದು ಗುಂಡಿ ಹಚ್ಚಲು ಅಷ್ಟು ಧಾರಾಳವಾಯಿತು. ಸವೆದ ಸೋಪಿನ ಚೂರು ಬಟ್ಟೆಗೆ ಗೆರೆ ಹಾಕಲು. ಬಟ್ಟೆ ಅಂಗಡಿಯವನಂತೂ ಅವಳು ಬರುವುದನ್ನು ದೂರದಿಂದ ಕಂಡರೆ ಸಾಕು, ತಮ್ಮನನ್ನು ಗಲ್ಲಾದ ಮೇಲೆ ಕೂರಿಸಿ ತಾನು ಊಟಕ್ಕೆ ಹೊರಟುಬಿಡುತ್ತಿದ್ದ.

ಗಂಡ ತೀರಿಕೊಂಡಾಗ ಮಗನಿಗೆ ಆರು ವರ್ಷ. ಒಂದು ಹೊಲಿಗೆ ಮಿಷನ್ನು ತುಳಿದೇ ಅವಳು ಅವನನ್ನು ಓದಿಸಿದಳು, ಮದುವೆ ಮಾಡಿದಳು, ಸೋರುವ ಸೂರಿಗೆ ತಾರಸಿ ಹಾಕಿಸಿದಳು. ಆ ಮಗ ಈಗ ಬಸ್ ಡಿಪೋದ ಉಗ್ರಾಣ ನೋಡಿಕೊಳ್ಳುತ್ತಾನೆ. ಹಳೆಯ ಬೋಲ್ಟು ತಂದು ತೋರಿಸದೆ ಹೊಸದನ್ನು ಕೊಡುವ ಮನುಷ್ಯನಲ್ಲ. ತಾಯಿಗೆ ತಕ್ಕ ಮಗ ಎಂದು ಮೆಕ್ಯಾನಿಕ್ಕುಗಳು ಬೆನ್ನ ಹಿಂದೆ ನಗುತ್ತಿದ್ದರು. ಅವನಿಗೆ ಅದು ಬೈಗುಳ ಅನ್ನಿಸುತ್ತಲೇ ಇರಲಿಲ್ಲ.

ಡಿಪೋದಲ್ಲಿ ಬೆಳಗಿನ ಪಾಳಿ ಸಿಕ್ಕಿ, ಮಧ್ಯಾಹ್ನದ ಹೊತ್ತು ಮನೆಯಲ್ಲಿರುವಂತಾದ ಮೇಲೆ ಅವನಿಗೊಂದು ಚಿಂತೆ ಹತ್ತಿತು. ಅಮ್ಮನ ಅಳತೆ ತಪ್ಪುತ್ತಿತ್ತು. ಶಾಲೆಯ ಸಮವಸ್ತ್ರ ಹೊಲಿಯುವಾಗಲಂತೂ ಹದಿನೈದು ದಿನಕ್ಕೊಂದು ಹಾಳು. "ಅಯ್ಯೋ, ತೋಳು ಗಿಡ್ಡ ಆಗೋಯ್ತಲ್ಲಪ್ಪಾ" ಎಂದು ಹಣೆ ಚಚ್ಚಿಕೊಂಡು, ಓಣಿಯಲ್ಲಿ ಹೋಗುತ್ತಿದ್ದ ಯಾವುದಾದರೂ ಮಗುವಿನ ತಾಯಿಯನ್ನು ಕೂಗಿ ಕರೆಯುವಳು. ಮೊನ್ನೆ ಸಿಕ್ಕಿದ್ದು ಗೋದಾಮಿನ ಕಾವಲುಗಾರನ ಹೆಂಡತಿ.

"ತಗೊಂಡ್ಹೋಗೇ ತಾಯಿ, ನಿನ್ನ ಮಗಳಿಗೆ ಆದ್ರೂ ಆಗ್ಬಹುದು. ಇದು ಗಿರಾಕಿ ಕಣ್ಣಿಗೆ ಬಿದ್ರೆ ನನ್ನ ಕಥೆ ಮುಗೀತು. ಅಡಿಕೆಗೆ ಹೋದ ಮಾನ ಆನೆ ಕೊಟ್ರೂ ಬರಲ್ಲ."

"ನೀವೇನೂ ಯೋಚನೆ ಮಾಡ್ಬೇಡಿ ಅಜ್ಜಿ, ನಾನು ಯಾರ ಹತ್ರಾನೂ ಬಾಯಿ ಬಿಡಲ್ಲ" ಎಂದು ಆಕೆ ಅಂಗಿಯನ್ನು ಚೀಲದಲ್ಲಿ ತುರುಕಿಕೊಂಡು, ಅಭಯ ಕೊಟ್ಟವಳ ಗತ್ತಿನಲ್ಲಿ ಹೋದಳು.

ಮಗ ಇದನ್ನೆಲ್ಲ ಒಳಬಾಗಿಲಿನಿಂದ ನೋಡುತ್ತಿದ್ದ. ಬಟ್ಟೆ ಹೋಯಿತಲ್ಲ ಎಂಬ ಸಂಕಟ ಇಲ್ಲವೆಂದರೆ ಸುಳ್ಳಾದೀತು. ಆದರೆ ಅದಕ್ಕಿಂತ ಹೆಚ್ಚಿನದು ಹೆದರಿಕೆ: ಅಮ್ಮನ ಕಣ್ಣು ಹೋಗುತ್ತಿದೆ, ನಾಳೆ ಸೂಜಿ ಬೆರಳಿಗೇ ಹೊಕ್ಕರೆ?

"ಸಾಕಮ್ಮ, ಇಷ್ಟು ವರ್ಷ ತುಳಿದಿದ್ದು ಸಾಕು. ಮಿಷನ್ ಕೊಟ್ಬಿಡೋಣ. ಭಾನುವಾರ ಒಬ್ಬರು ಬಂದು ನೋಡ್ತೀನಿ ಅಂದಿದಾರೆ."

ಎಲ್ಲದಕ್ಕೂ ವಾದ ಹೂಡುವ ಟೇಪಜ್ಜಿ ಅವತ್ತು ಮಿಷನ್ನಿನ ಚಕ್ರದ ಮೇಲೆ ಕೈಯಿಟ್ಟುಕೊಂಡು ಕೂತಿದ್ದಳು. ಜಗಳಕ್ಕೆ ಬಂದವಳು ಹತ್ತು ವರ್ಷದ ಮೊಮ್ಮಗಳು.

"ಅಜ್ಜಿ ಕಣ್ಣಿಗೆ ಏನೂ ಆಗಿಲ್ಲಪ್ಪ. ನನಗಿಂತ ಬೇಗ ಸೂಜಿಗೆ ದಾರ ಪೋಣಿಸ್ತಾಳೆ."

"ಮತ್ತೆ ಅಳತೆ ಯಾಕೆ ತಪ್ಪುತ್ತೆ?"

ಹುಡುಗಿ ಅಜ್ಜಿಯ ಮುಖ ನೋಡಿದಳು. ಅಜ್ಜಿ ಬೇಡವೆಂಬಂತೆ ತಲೆಯಾಡಿಸಿದಳು. ಹುಡುಗಿ ತುಟಿ ಕಚ್ಚಿಕೊಂಡು ಒಳಗೆ ಹೋದಳು.

ಶನಿವಾರ ಅವನು ಡಿಪೋದಿಂದ ಬರುವಾಗ ಓಣಿಯಲ್ಲಿ ಮಕ್ಕಳು ಆಡುತ್ತಿದ್ದರು. ಕಾವಲುಗಾರನ ಮಗಳು ಓಡಿಬಂದು ಅವನ ಕಾಲ ಬಳಿಯೇ ಮುಗ್ಗರಿಸಿದಳು. ಎತ್ತಿ ನಿಲ್ಲಿಸಿ ಧೂಳು ಕೊಡವಿದ. ಅವಳ ಮೈಮೇಲಿದ್ದುದು ಅದೇ ಹಾಳಾದ ಅಂಗಿ. ಹೊಲಿಗೆಯವಳ ಮಗ, ಅವನ ಕಣ್ಣು ತಾನಾಗಿ ಭುಜದ ಹೊಲಿಗೆಯತ್ತ ಹೋಯಿತು. ಕೂದಲೆಳೆಯಷ್ಟೂ ಆಚೀಚೆ ಇಲ್ಲ. ತೋಳು ಸರಿಯಾಗಿ ಮಣಿಕಟ್ಟಿಗೆ ಬಂದು ನಿಂತಿತ್ತು. ಬಿದ್ದ ರಭಸಕ್ಕೆ ಅಂಗಿಯ ಅಂಚು ಬಿಚ್ಚಿ ಜೋತಿತ್ತು. ಅದರೊಳಗೆ ನಾಲ್ಕು ಬೆರಳಗಲದ ಮಡಿಕೆ.

ಆ ಮಡಿಕೆ ಅವನಿಗೆ ಚೆನ್ನಾಗಿ ಗೊತ್ತಿತ್ತು. ಪ್ರತಿ ವರ್ಷ ಶಾಲೆ ಶುರುವಾಗುವ ಹಿಂದಿನ ದಿನ ಅಮ್ಮ ಅವನ ಅಂಗಿಯಲ್ಲೂ ಅದನ್ನೇ ಬಿಚ್ಚಿ ಉದ್ದ ಮಾಡುತ್ತಿದ್ದಳು. ಒಂದೇ ಅಂಗಿ ಮೂರು ವರ್ಷ ಬರುತ್ತಿತ್ತು. ಯಾರಿಗೆ ಹೋಗುವುದೆಂದು ಗೊತ್ತಿಲ್ಲದ, ಅಳತೆ ತಪ್ಪಿದ ಅಂಗಿಯೊಳಗೆ ಮುಂದಿನ ವರ್ಷದ ಮಡಿಕೆಯನ್ನು ಯಾರಾದರೂ ಇಡುತ್ತಾರೆಯೇ?

ತಲೆಯೆತ್ತಿದರೆ ಅವನ ಮಗಳು ಇನ್ನೊಂದು ಪುಟ್ಟಿಯ ಬೆನ್ನಿಗೆ ದಾರ ಹಿಡಿದು, ನಗುನಗುತ್ತಾ ಗಂಟು ಹಾಕುತ್ತಿದ್ದಳು. ಅಪ್ಪನನ್ನು ಕಂಡು ದಾರವನ್ನು ಹಿಂದಕ್ಕೆ ಬಚ್ಚಿಟ್ಟಳು. ಅವನು ಅವಳನ್ನು ಪಕ್ಕಕ್ಕೆ ಕರೆದುಕೊಂಡು ಹೋಗಿ ಕೇಳಿದ.

"ಆಟ ಆಡ್ತಾ ಅಳೀಬೇಕಂತೆ, ಯಾರಿಗೂ ಗೊತ್ತಾಗಬಾರದಂತೆ. ನೀನೂ ಹೇಳ್ಬೇಡ ಅಪ್ಪಾ, ಪ್ಲೀಸ್. ಗೊತ್ತಾದ್ರೆ ಅವರಮ್ಮಂದಿರು ಇಸ್ಕೊಳಲ್ಲ. ಈಗ ಅವರೇ ಅಜ್ಜಿಗೆ ಉಪಕಾರ ಮಾಡ್ತಿದೀವಿ ಅನ್ಕೊಂಡಿದಾರೆ."

"ಅಲ್ವೇ, ಗುಂಡುಸೂಜಿ ಬಿದ್ರೆ ಹುಡುಕ್ತಾಳೆ, ಚೂರು ದಾರ ಎಸೆಯಲ್ಲ. ಅಂಥವಳು..."

"ಮತ್ತೆ ಅದನ್ನೆಲ್ಲ ಉಳಿಸೋದು ಯಾಕೆ ಅನ್ಕೊಂಡಿದ್ದೆ?" ಎಂದಳು ಮಗಳು, ಇಷ್ಟೂ ತಿಳಿಯದ ಅಪ್ಪ ಇದ್ದಾನೆಯೇ ಎಂಬಂತೆ.

ಉಳಿಸುವುದನ್ನು ಅವನು ಅಮ್ಮನಿಂದ ಚಾಚೂ ತಪ್ಪದೆ ಕಲಿತಿದ್ದ. ಯಾಕೆ ಎಂದು ನಲವತ್ತೈದು ವರ್ಷವಾದರೂ ಕೇಳಿರಲಿಲ್ಲ. ಮಿಷನ್ನು ಕೈಬಿಟ್ಟು ಹೋಗುವಾಗಲೂ ಅವಳು ಬಾಯಿ ಬಿಡಲಿಲ್ಲವಲ್ಲ ಎಂದು ನೆನೆದಾಗ ಅವನಿಗೆ ಅಳು ಬಂತು. ನಡುಬೀದಿಯಲ್ಲಿ, ಊಟದ ಡಬ್ಬಿ ಕೈಯಲ್ಲಿ ಹಿಡಿದುಕೊಂಡೇ ಕಣ್ಣೊರೆಸಿಕೊಂಡ.

ಭಾನುವಾರ ಮಿಷನ್ ನೋಡಲು ಬಂದವರಿಗೆ ಒಂದು ಲೋಟ ನೀರು ಕೊಟ್ಟು, ಮಾರುವುದಿಲ್ಲವೆಂದು ಹೇಳಿ ಕಳಿಸಿದ. ಟೇಪಜ್ಜಿ ಚಕ್ರಕ್ಕೆ ಎಣ್ಣೆ ಬಿಡತೊಡಗಿದಳು. ಅವನು ಹೊರಗೆ ಹೋದವನು ಒಂದು ಗಂಟೆ ಬಿಟ್ಟು ಕಾಗದದ ಪೊಟ್ಟಣ ತಂದು ಅವಳ ಮುಂದಿಟ್ಟ. ಶಾಲೆಯ ನೀಲಿ ಚೌಕುಳಿ ಬಟ್ಟೆ, ಐದು ಮೀಟರ್.

"ನನಗೊಂದು ಅಂಗಿಗೆ ಅಂತ ಹೋಗಿದ್ದೆ ಅಮ್ಮ. ಅಳತೆ ತಪ್ಪಿ ಜಾಸ್ತಿ ತಂದ್ಬಿಟ್ಟೆ."

ಟೇಪಜ್ಜಿ ಕನ್ನಡಕದ ಮೇಲಿಂದ ಅವನನ್ನು ನೋಡಿದಳು. ಬಾಗಿಲ ಮರೆಯಲ್ಲಿ ಮೊಮ್ಮಗಳು ಬಾಯಿಗೆ ಕೈ ಅಡ್ಡ ಹಿಡಿದುಕೊಂಡಿದ್ದಳು.

"ನಿನಗೆ? ನೀಲಿ ಚೌಕುಳಿ?"

"ಹೂಂ."

"ಚೌಕಾಸಿ ಮಾಡಿದ್ಯೋ, ಅವನು ಹೇಳಿದಷ್ಟು ಸುರಿದು ಬಂದ್ಯೋ?"

"ಮೀಟರಿಗೆ ಎಂಟು ಬಿಡಿಸಿದೆ."

"ಹತ್ತು ಬಿಡ್ತಾನೆ ಅವನು. ಮುಂದಿನ ಸಲ ನೆನಪಿಟ್ಕೊ." ಬಟ್ಟೆಯನ್ನು ಮಡಿಲಿಗೆ ಎಳೆದುಕೊಂಡು ಅಂಚನ್ನು ಸವರಿದಳು. ಅವಳ ದನಿ ಸಣ್ಣದಾಯಿತು. "ಸದ್ಯ, ನಿನಗೂ ಅಳತೆ ತಪ್ಪೋಕೆ ಶುರುವಾಯ್ತಲ್ಲ ಮಗಾ. ನನಗೆ ಅದೊಂದೇ ಯೋಚನೆಯಾಗಿತ್ತು."